ಕಾಲುವೆಯ ಕೆಂಪು ನೀರು

ಕೇಳುಗರೇ, ನಮಸ್ಕಾರ.

ಹೋದ ವರ್ಷ ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದಿತ್ತು. ಪಕ್ಕದ ತೋಟದ ಅಕ್ಕ ಬೆಳಗ್ಗೆಯೇ ನಮ್ಮ ಮನೆಗೆ ಬಂದರು. ಮುಖದಲ್ಲಿ ಸಿಟ್ಟು. "ಮೇಷ್ಟ್ರೇ, ನಮ್ಮ ತೋಟದ ಬಸಿಗಾಲುವೆಗೆ ಯಾರೋ ಡೀಸೆಲ್ ಸುರಿದಿದ್ದಾರೆ. ಬಂದು ನೋಡಿ" ಅಂದರು.

ಹೋದೆ. ನಿಂತ ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ತೆಳ್ಳನೆಯ ಪದರವಿತ್ತು. ನೀಲಿ, ನೇರಳೆ, ಹೊಂಬಣ್ಣ ಎಲ್ಲ ಹೊಳೆಯುತ್ತಿದ್ದವು. ಕಾಲುವೆಯ ತಳದಲ್ಲಿ ಕಾವಿ ಕದಡಿದಂಥ ಕೆಂಪು ಲೋಳೆ. ನಾನೊಂದು ಕಡ್ಡಿ ತೆಗೆದುಕೊಂಡು ಆ ಪದರವನ್ನು ಮೆಲ್ಲಗೆ ಚುಚ್ಚಿದೆ. ಹಪ್ಪಳ ಮುರಿದ ಹಾಗೆ ಚೂರುಚೂರಾಯಿತು. ಚೂರುಗಳು ಮತ್ತೆ ಕೂಡಲಿಲ್ಲ. ಡೀಸೆಲ್ ಆಗಿದ್ದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಬಂದು ಸೇರಿಕೊಳ್ಳುತ್ತಿತ್ತು.

"ಯಾರೂ ಏನೂ ಸುರಿದಿಲ್ಲ ಅಕ್ಕಾ. ಇದು ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾದ ಕೆಲಸ" ಅಂದೆ.

"ಕಬ್ಬಿಣ ತಿನ್ನುತ್ತಾವಾ?" ಅಂತ ಅವರು ಕಾಲುವೆಯನ್ನೇ ನೋಡುತ್ತ ನಿಂತರು.

ಹೌದು, ಒಂದು ರೀತಿಯಲ್ಲಿ ತಿನ್ನುತ್ತವೆ. ನಮ್ಮ ಮಲೆನಾಡಿನ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಮಣ್ಣು ನೀರು ಕುಡಿದು, ಒಳಗೆ ಗಾಳಿಯಾಡದೆ ಹೋದರೆ ಆ ಕಬ್ಬಿಣ ನೀರಿನಲ್ಲಿ ಕರಗುತ್ತದೆ. ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಬಸಿನೀರಿನ ಜೊತೆ ಅದು ಕಾಲುವೆಗೆ ಬಂದು ಗಾಳಿ ತಾಗುವ ಜಾಗದಲ್ಲಿ ಈ ಬ್ಯಾಕ್ಟೀರಿಯಾ ಕಾದಿರುತ್ತವೆ. ಕಬ್ಬಿಣಕ್ಕೆ ಆಮ್ಲಜನಕ ಸೇರಿಸಿ ತುಕ್ಕು ಮಾಡುತ್ತವೆ. ಹಾಗೆ ಮಾಡುವಾಗ ಸಿಗುವ ಚೂರು ಶಕ್ತಿಯೇ ಅವುಗಳ ಊಟ. ಉಳಿದ ತುಕ್ಕು ಕೆಂಪು ಲೋಳೆಯಾಗಿ ತಳಕ್ಕೆ ಕೂರುತ್ತದೆ.

ಅಕ್ಕ ಸಮಾಧಾನವಾಗಿ ಹೋದರು. ನನಗೆ ಮಾತ್ರ ಕಾಲುವೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ನಾವು ಗಣಿ ಮಾಡಿ ತೆಗೆದ ಕಬ್ಬಿಣದ ಅದಿರು ಹೆಚ್ಚುಕಡಿಮೆ ಹೀಗೆಯೇ ಹುಟ್ಟಿದ್ದು. ಕಾಲುವೆಯ ಜಾಗದಲ್ಲಿ ಒಂದು ಇಡೀ ಕಡಲಿತ್ತು, ಅಷ್ಟೇ.

ಭೂಮಿಗೆ ಸುಮಾರು 454 ಕೋಟಿ ವರ್ಷ. ಅದರ ಮೊದಲ ಅರ್ಧದಷ್ಟು ಕಾಲ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವಷ್ಟು ಕಡಿಮೆ. ಇದು ಸುಮ್ನೆ ಊಹೆಯ ಮಾತಲ್ಲ. ಸಾಕ್ಷಿ ನಮ್ಮ ಪಶ್ಚಿಮಘಟ್ಟದಲ್ಲೇ ಇದೆ. ಬಾಬಾಬುಡನ್ ಸರಣಿಯ ಶಿಲೆಗಳ ತಳದಲ್ಲಿ, ಹಳೆಯ ಹೊಳೆಗಳು ತಂದು ಹಾಕಿದ ಬೆಣಚುಕಲ್ಲಿನ ಉರುಟು ಹರಳುಗಳ ಪದರ ಸಿಗುತ್ತದೆ. ಆ ಹರಳುಗಳ ನಡುವೆ ಪೈರೈಟ್ ಕಣಗಳಿವೆ. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದ ಹಾಗೆ ಹೊಳೆಯುವ ಖನಿಜ. ಇವತ್ತಿನ ತುಂಗೆಯಲ್ಲೋ ಶರಾವತಿಯಲ್ಲೋ ಪೈರೈಟ್ ಉರುಳಿಕೊಂಡು ಹೋದರೆ ಬಹಳ ಕಾಲ ಉಳಿಯುವುದಿಲ್ಲ. ಗಾಳಿ ತಾಗಿ ತುಕ್ಕಾಗುತ್ತದೆ. ಆ ಕಾಲದ ಹೊಳೆಯಲ್ಲಿ ಅದು ಉರುಳಿ, ಸವೆದು, ಹಾಗೇ ಉಳಿಯಿತು. ಅವತ್ತಿನ ಗಾಳಿಯಲ್ಲಿ ಅದನ್ನು ಕೆಡಿಸುವಂಥದ್ದು ಇರಲಿಲ್ಲ.

ಅಂಥ ಗಾಳಿಯಡಿ ಕಡಲಿನ ತುಂಬ ಕರಗಿದ ಕಬ್ಬಿಣವಿತ್ತು. ಕಡಲತಳದ ಬಿಸಿನೀರಿನ ಬಿರುಕುಗಳಿಂದ ಅದು ಮೇಲೆ ಬರುತ್ತಿತ್ತು. ಸೂರ್ಯ ಈಗಿನದಕ್ಕಿಂತ ಸುಮಾರು ಕಾಲುಭಾಗ ಮಂಕಾಗಿದ್ದ. ಹಾಗಿದ್ದರೆ ಕಡಲು ಹೆಪ್ಪುಗಟ್ಟಬೇಕಿತ್ತು, ಅಲ್ವಾ? ಗಟ್ಟಲಿಲ್ಲ. ಇಂಗಾಲದ ಡೈಆಕ್ಸೈಡ್ ಜೊತೆ ಮೀಥೇನ್ ಅನಿಲವೂ ಭೂಮಿಗೆ ಕಂಬಳಿ ಹೊದಿಸಿತ್ತು ಎಂಬುದು ವಿಜ್ಞಾನಿಗಳ ಲೆಕ್ಕ.

ಆ ಮೀಥೇನ್ ಮಾಡುತ್ತಿದ್ದವರು ಯಾರು? ಅವರ ವಂಶದವರು ನಮ್ಮ ಹಿತ್ತಿಲಲ್ಲೇ ಇದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ಗುಂಡಿ ಇದೆ. ಸಗಣಿ ಕಲಸಿ ಬಿಟ್ಟು, ಗಾಳಿ ಹೋಗದ ಹಾಗೆ ಮುಚ್ಚಿದರೆ ಒಳಗಿನ ಜೀವಿಗಳು ಮೀಥೇನ್ ಮಾಡಿ ಒಲೆಗೆ ಕಳಿಸುತ್ತವೆ. ಗಾಳಿ ತಾಗಿದರೆ ಅವುಗಳಿಗೆ ಆಗುವುದಿಲ್ಲ. ಆಮ್ಲಜನಕ ಅವುಗಳಿಗೆ ವಿಷ. ನೀರು ನಿಂತ ಗದ್ದೆಯ ಕೆಸರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಅಡಗಿ ಬದುಕಿರುವ ಈ ಜೀವಿಗಳಿಗೆ ಒಂದು ಕಾಲದಲ್ಲಿ ಇಡೀ ಭೂಮಿಯೇ ಮುಚ್ಚಿದ ಗುಂಡಿಯ ಹಾಗಿತ್ತು.

ಇವುಗಳ ಕತೆಯಲ್ಲೂ ಒಂದು ಲೋಹ ಬರುತ್ತದೆ. ಮೀಥೇನ್ ಮಾಡಲು ಈ ಜೀವಿಗಳಿಗೆ ನಿಕ್ಕಲ್ ಬೇಕೇ ಬೇಕು. ಭೂಮಿಯ ಒಡಲು ತಣ್ಣಗಾಗುತ್ತ ಬಂದ ಹಾಗೆ, ನಿಕ್ಕಲ್ ತುಂಬಿದ ಲಾವಾ ಉಕ್ಕುವುದು ಕಡಿಮೆಯಾಯಿತು. ಹಳೆಯ ಕಡಲತಳದಲ್ಲಿ ಕಬ್ಬಿಣ ಪದರ ಪದರವಾಗಿ ಕೂತು ಆದ, ಬೇರೆ ಬೇರೆ ವಯಸ್ಸಿನ ಪಟ್ಟೆಕಲ್ಲುಗಳಲ್ಲಿ ಎಷ್ಟು ನಿಕ್ಕಲ್ ಸಿಕ್ಕಿಕೊಂಡಿದೆ ಎಂದು ಅಳೆದು ನೋಡಿದವರಿದ್ದಾರೆ. ಸುಮಾರು 270 ಕೋಟಿ ವರ್ಷಗಳ ಹಿಂದಿನಿಂದ ಅದು ಇಳಿಯುತ್ತ ಹೋಗಿದೆ. ಮೀಥೇನ್ ಮಾಡುವವರಿಗೆ ಬರಗಾಲ ಬಂತು ಎಂಬುದು ಅವರ ವಾದ. ಬೇರೆಯವರಿಗೆ ದಾರಿಯಾಯಿತು.

ಆ ಬೇರೆಯವರು ನಮ್ಮ ಅಂಗಳದಲ್ಲಿದ್ದಾರೆ. ಆಷಾಢದ ಮಳೆಯಲ್ಲಿ ಅಂಗಳ ಜಾರುತ್ತದೆ ಅಂತ ನಾವು ಅಡಿಕೆ ದಬ್ಬೆ ಹಾಸಿ ಓಡಾಡುತ್ತೇವಲ್ಲ, ಆ ಜಾರಿಕೆಯಲ್ಲಿ ನೀಲಿಹಸಿರು ಬ್ಯಾಕ್ಟೀರಿಯಾದ ಪಾಲು ದೊಡ್ಡದು. ಅಜ್ಜಿ ಇದನ್ನು ಪಾಚಿ ಅನ್ನುತ್ತಿದ್ದಳು, ನಾವೂ ಹಾಗೇ ಅನ್ನುತ್ತೇವೆ. ಈ ಪಾಚಿಯ ಪೂರ್ವಜರು ಬೇರೆ ಯಾರೂ ಮಾಡದ ಒಂದು ಕೆಲಸ ಕಲಿತರು. ಅದಕ್ಕೂ ಮೊದಲು ಬಿಸಿಲಿನಿಂದ ಊಟ ಮಾಡಿಕೊಳ್ಳುವ ಬ್ಯಾಕ್ಟೀರಿಯಾ ಇದ್ದವು. ಆದರೆ ಅವುಗಳಿಗೆ ಗಂಧಕದ ಅನಿಲವೋ ಕರಗಿದ ಕಬ್ಬಿಣವೋ ಬೇಕಿತ್ತು. ಇವು ನೀರನ್ನೇ ಒಡೆಯಲು ಕಲಿತವು. ನೀರು ಒಡೆದರೆ ಉಳಿಯುವುದು ಆಮ್ಲಜನಕ.

ನೀರು ಒಡೆಯುವುದು ಸುಲಭವಲ್ಲ. ಅದಕ್ಕೆ ಈ ಜೀವಿಗಳ ಹತ್ತಿರ ಒಂದು ಪುಟ್ಟ ಯಂತ್ರವಿದೆ. ಅದರ ನಡುವೆ ಇರುವುದು ನಾಲ್ಕು ಮ್ಯಾಂಗನೀಸ್ ಪರಮಾಣು, ಒಂದು ಕ್ಯಾಲ್ಸಿಯಂ ಪರಮಾಣು, ಅವುಗಳನ್ನು ಬೆಸೆದ ಆಮ್ಲಜನಕ. ಮ್ಯಾಂಗನೀಸ್ ಅಂದಾಗ ಶಿವಮೊಗ್ಗದವರಿಗೆ ಕುಂಸಿ ನೆನಪಾಗಬೇಕು. ಅಲ್ಲಿ ಗಣಿಯಿಂದ ತೆಗೆದ ಕಪ್ಪು ಅದಿರಿನಲ್ಲಿ ಇರುವುದು ಅದೇ ಲೋಹ. ಮುಂದೆ ಈ ಯಂತ್ರ ಪಾಚಿಯಿಂದ ಗಿಡಮರಗಳಿಗೆ ಬಂತು. ಇವತ್ತು ಆಗುಂಬೆಯ ಕಾಡಿನ ಪ್ರತಿ ಹಸಿರೆಲೆಯಲ್ಲಿ, ನಿಮ್ಮ ಹಿತ್ತಿಲ ಬಸಳೆಯಲ್ಲಿ, ಗದ್ದೆಯ ಭತ್ತದಲ್ಲಿ ಅದೇ ನಾಲ್ಕು ಮ್ಯಾಂಗನೀಸ್ ಕೂತಿವೆ. ಕೋಟ್ಯಂತರ ವರ್ಷಗಳಲ್ಲಿ ಈ ಲೆಕ್ಕ ಬದಲಾಗಲಿಲ್ಲ. ಇದನ್ನು ಮೊದಲು ಓದಿದ ದಿನ ನಾನು ಅಂಗಳಕ್ಕೆ ಹೋಗಿ ದಾಸವಾಳದ ಒಂದು ಎಲೆಯನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದೆ.

ಇಂಥ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ಗುರುತು ಬಿಟ್ಟಿವೆ. ಆಳವಿಲ್ಲದ ಕಡಲಲ್ಲಿ ಲೋಳೆಯ ಹಾಸಾಗಿ ಬೆಳೆಯುತ್ತಿದ್ದವು. ಆ ಹಾಸಿಗೆ ಸಣ್ಣ ಮಣ್ಣು, ಸುಣ್ಣ ಅಂಟುತ್ತಿತ್ತು. ಬೆಳಕಿಗಾಗಿ ಅದರ ಮೇಲೆ ಮತ್ತೊಂದು ಹಾಸು. ಹೀಗೆ ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ ಗುಡ್ಡೆಗಳಾದವು. ಅವುಗಳಿಗೆ ಸ್ಟ್ರೊಮಾಟೊಲೈಟ್ ಎಂದು ಹೆಸರು. ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯವು ಸಿಕ್ಕಿವೆ. ಅದೇ ದೇಶದ ಶಾರ್ಕ್ ಬೇ ಎಂಬಲ್ಲಿ ಇವತ್ತಿಗೂ ಜೀವಂತವಾಗಿ ಬೆಳೆಯುತ್ತಿವೆ. ನಮ್ಮ ಶಿವಮೊಗ್ಗ, ಚಿತ್ರದುರ್ಗದ ಶಿಲೆಗಳ ಸಾಲಿನಲ್ಲೂ ಸುಣ್ಣಕಲ್ಲಿನ ಪದರಗಳಲ್ಲಿ ಅವು ಸಿಕ್ಕಿವೆ. ನೋಡಿದರೆ ಈರುಳ್ಳಿ ಕೊಯ್ದ ಹಾಗೆ ಸುತ್ತು ಸುತ್ತು ಗೆರೆ. ಅಂಥ ಕಲ್ಲನ್ನು ಎಷ್ಟೋ ಕಡೆ ಒಡೆದು ಸುಣ್ಣಕ್ಕೆ, ಸಿಮೆಂಟಿಗೆ ಹಾಕುತ್ತಾರೆ. ಗುರುತಿಸಿ ಒಂದಷ್ಟನ್ನಾದರೂ ಉಳಿಸಿಕೊಳ್ಳಬೇಕು ಎಂದು ನನಗೆ ತುಂಬಾ ಅನ್ನಿಸುತ್ತದೆ.

ಪಾಚಿ ಆಮ್ಲಜನಕ ಬಿಡಲು ಶುರುಮಾಡಿದ ಕೂಡಲೇ ಗಾಳಿ ಬದಲಾಯಿತಾ? ಇಲ್ಲ. ಮಂಡಿಯಲ್ಲಿ ಮುಂಗಡ ತಂದವರಿಗೆ ಈ ಸಂಕಟ ಗೊತ್ತು. ಅಡಿಕೆ ಹಾಕುತ್ತೇವೆ, ಕೈಗೆ ದುಡ್ಡು ಬರುವುದಿಲ್ಲ. ಎಲ್ಲ ಹಳೆ ಬಾಕಿಗೆ ವಜಾ ಆಗುತ್ತದೆ. ಭೂಮಿಯ ಹಳೆ ಬಾಕಿಯೂ ದೊಡ್ಡದಿತ್ತು. ಕಡಲಿನ ಕಬ್ಬಿಣ, ಜ್ವಾಲಾಮುಖಿಯ ಅನಿಲ, ಮೀಥೇನ್, ಎಲ್ಲವೂ ಬಂದ ಆಮ್ಲಜನಕವನ್ನು ನುಂಗಿದವು. ಆ ಬಾಕಿ ತೀರಿ, ಗಾಳಿಯಲ್ಲಿ ಆಮ್ಲಜನಕ ನಿಲ್ಲುವ ಹೊತ್ತಿಗೆ ಕೋಟ್ಯಂತರ ವರ್ಷ ಕಳೆದಿದ್ದವು. ಅದು ಸುಮಾರು 240 ಕೋಟಿ ವರ್ಷಗಳ ಹಿಂದಿನ ಮಾತು. ಆಮ್ಲಜನಕ ಮೀಥೇನ್ ಕಂಬಳಿಯನ್ನು ತೆಳ್ಳಗೆ ಮಾಡಿತು. ಅದೇ ಕಾಲದ ಆಸುಪಾಸಿನಲ್ಲಿ ಭೂಮಿ ದೊಡ್ಡ ಹಿಮಯುಗಗಳನ್ನು ಕಂಡಿತು. ಮೇಲೆ ಓಝೋನ್ ಪದರವೂ ಕಟ್ಟಿತು.

ಕಲ್ಲುಗಳೂ ಹೊಸದಾದವು. ಇವತ್ತು ಸುಮಾರು 6000 ಬಗೆಯ ಖನಿಜಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು, ಜೀವಿಗಳು ತಂದ ಆಮ್ಲಜನಕ ಇಲ್ಲದಿದ್ದರೆ ಹುಟ್ಟುತ್ತಲೇ ಇರಲಿಲ್ಲ ಎಂದು ರಾಬರ್ಟ್ ಹೇಜನ್ ಎಂಬ ಖನಿಜವಿಜ್ಞಾನಿ ಮತ್ತು ಅವರ ಜೊತೆಗಾರರು 2008ರಿಂದ ವಾದಿಸುತ್ತ ಬಂದಿದ್ದಾರೆ. ನಮ್ಮ ಮನೆಗೋಡೆಯ ಜಂಬಿಟ್ಟಿಗೆಯ ಕೆಂಪು ಕೂಡ ಆಮ್ಲಜನಕ ಹಿಡಿದ ಕಬ್ಬಿಣದ್ದೇ.

ಈಗ ಅದಿರಿನ ಮಾತಿಗೆ ಬರುತ್ತೇನೆ. ಹಳೆಯ ಕಡಲಲ್ಲಿ ಕಬ್ಬಿಣ ತುಕ್ಕಾಗಲು ಎರಡು ದಾರಿ ಇದ್ದವು. ಪಾಚಿ ಬಿಟ್ಟ ಆಮ್ಲಜನಕ ಒಂದು. ಬಿಸಿಲಿನ ಬಲದಿಂದ ನೇರವಾಗಿ ಕಬ್ಬಿಣವನ್ನೇ ಬಳಸಿಕೊಂಡ ಬ್ಯಾಕ್ಟೀರಿಯಾ ಇನ್ನೊಂದು. ಅಂಥವು ಇವತ್ತೂ ಇವೆ. ಎರಡೂ ದಾರಿಯಲ್ಲಿ ತುಕ್ಕು ಕಡಲತಳಕ್ಕೆ ಕೂತಿತು. ನಡುನಡುವೆ ಬೆಣಚಿನ ಪದರ. ಹೀಗೆ ಕಪ್ಪು, ಕೆಂಪು, ಬಿಳಿ ಪಟ್ಟೆಗಳ ಕಲ್ಲಾಯಿತು. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆದದ್ದು ಇಂಥ ಪಟ್ಟೆಕಲ್ಲನ್ನು. ಬಾಬಾಬುಡನ್ ಗಿರಿಯಲ್ಲಿರುವುದೂ ಅದೇ, 250 ಕೋಟಿ ವರ್ಷಕ್ಕಿಂತ ಹಳೆಯದು. ಮಳೆ ಸುರಿದು ಸುರಿದು ಕೆಲವು ಕಡೆ ಪಟ್ಟೆಯ ಬೆಣಚು ತೊಳೆದು ಹೋಯಿತು, ಕಬ್ಬಿಣ ಉಳಿಯಿತು. ಅಂಥ ಜಾಗಕ್ಕೆ ನಮ್ಮ ಹಿರಿಯರು ಎಷ್ಟು ಸರಿಯಾದ ಹೆಸರು ಇಟ್ಟಿದ್ದಾರೆ ನೋಡಿ, ಕೆಮ್ಮಣ್ಣುಗುಂಡಿ.

ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಬಂತು. 1923ರಲ್ಲಿ ಅಲ್ಲಿನ ಕುಲುಮೆ ಉರಿಯತೊಡಗಿತು. ಕಲ್ಲಿದ್ದಲು ಹತ್ತಿರದಲ್ಲಿರಲಿಲ್ಲ. ಮಲೆನಾಡಿನ ಕಾಡಿನ ಕಟ್ಟಿಗೆ ಸುಟ್ಟು ಮಾಡಿದ ಇದ್ದಿಲನ್ನೇ ಹಾಕಿದರು. ಕುಲುಮೆಯಲ್ಲಿ ಆಗುವುದು ಇಷ್ಟು: ಇದ್ದಿಲು ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಕಬ್ಬಿಣ ಬರಿದಾಗಿ ಹರಿಯುತ್ತದೆ. ಶುದ್ಧ ಹೆಮಟೈಟ್ ಅದಿರಾದರೆ ಒಂದು ಟನ್ನಿನಲ್ಲಿ 300 ಕಿಲೋ ಆಮ್ಲಜನಕ ಇರುತ್ತದೆ. ಕಡಲತಳದಲ್ಲಿ ಕಬ್ಬಿಣದ ಕೈ ಹಿಡಿದು ಕೂತಿದ್ದ ಆಮ್ಲಜನಕ, ಭದ್ರಾವತಿಯ ಚಿಮಣಿಯಿಂದ ಇಂಗಾಲದ ಜೊತೆ ಹೊರಗೆ ಬಂತು. ಆ ಇದ್ದಿಲಾದ ಮರಗಳು ಬೆಳೆದದ್ದು ಕೂಡ ಪಾಚಿ ಕಲಿಸಿಕೊಟ್ಟ ನೀರು ಒಡೆಯುವ ವಿದ್ಯೆಯಿಂದ. ಭದ್ರಾವತಿಯಲ್ಲಿ ದುಡಿದ ಎಷ್ಟೋ ಕುಟುಂಬಗಳು ಈಗ ಈ ಮಾತು ಕೇಳುತ್ತಿರಬಹುದು. ನಿಮ್ಮ ಮನೆಯ ಹಿರಿಯರು ಬೆಂಕಿಯ ಮುಂದೆ ನಿಂತು ಮಾಡಿದ ಕೆಲಸ ಅದು.

ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಹಳೆ ನೇಗಿಲ ಗುಳ ನೇತಾಡುತ್ತಿದೆ. ಭದ್ರಾವತಿ ಕಬ್ಬಿಣದ್ದು ಅಂತ ಅಪ್ಪ ಹೇಳುತ್ತಿದ್ದರು. ಟಿಲ್ಲರ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಪ್ರತಿ ಮಳೆಗಾಲ ಅದರಿಂದ ಕೆಂಪು ಪುಡಿ ಉದುರುತ್ತದೆ. ಅದನ್ನು ಗುಡಿಸಿ ತೋಟಕ್ಕೆ ಹಾಕುತ್ತೇವೆ. ಮಳೆ ನೀರಿನ ಜೊತೆ ಅದು ಇಳಿಜಾರು ಇಳಿದು, ಪಕ್ಕದ ತೋಟದ ಅಕ್ಕನ ಬಸಿಗಾಲುವೆಗೆ ಹೋಗುತ್ತದೆ.

ನಮಸ್ಕಾರ.