ಆ ಎರಡು ಎಲೆಕ್ಟ್ರಾನ್ ಎಲ್ಲಿವೆ?

ಎಲ್ಲರಿಗೂ ನಮಸ್ಕಾರ. ಬೋರ್ಡ್ ಮೇಲೆ ಎರಡು ಉಂಗುರ ಬರೆದಿದ್ದೇನೆ, ನೋಡಿ. ಎಡಗಡೆಯದು ಪಿರಿಡಿನ್, ಬಲಗಡೆಯದು ಪಿರೋಲ್. ಒಂದಕ್ಕೆ ಆರು ಮೂಲೆ, ಇನ್ನೊಂದಕ್ಕೆ ಐದು. ಎರಡರಲ್ಲೂ ಒಂದೊಂದು ನೈಟ್ರೋಜನ್ ಇದೆ, ಎರಡೂ ಆರೊಮ್ಯಾಟಿಕ್, ಅಂದರೆ ಉಂಗುರದ ಸುತ್ತ ಎಲೆಕ್ಟ್ರಾನ್ ಹಂಚಿಕೊಂಡು ಸ್ಥಿರವಾಗಿರುವಂಥವು. ನೋಡೋಕೆ ಅಕ್ಕ ತಂಗಿಯರ ಹಾಗೆ, ಅಲ್ವಾ? ಸ್ವಭಾವ ಮಾತ್ರ ಪೂರ್ತಿ ಉಲ್ಟಾ. ಯಾಕೆ ಉಲ್ಟಾ ಅನ್ನೋದು ಒಮ್ಮೆ ತಲೆಗೆ ಹತ್ತಿದರೆ, ಈ ಪಾಠದಲ್ಲಿ ನೀವು ಬಾಯಿಪಾಠ ಮಾಡುತ್ತಿರುವ ಅರ್ಧದಷ್ಟು ವಿಷಯ ತಾನಾಗಿಯೇ ನೆನಪಿರುತ್ತದೆ.

ಪಿರಿಡಿನ್‌ಗೆ ಆಸಿಡ್ ಹಾಕಿದರೆ ಟೆಸ್ಟ್ ಟ್ಯೂಬ್ ಬಿಸಿಯಾಗುತ್ತದೆ, ಒಳ್ಳೆ ಲವಣ ಸಿಗುತ್ತದೆ. ಅದೇ ಆಸಿಡ್ ಅನ್ನು ಪಿರೋಲ್‌ಗೆ ಹಾಕಿ. ಕೆಂಪಾಗಿ, ಕಂದಾಗಿ, ಕೊನೆಗೆ ಅಂಟು ಅಂಟಾದ ಮುದ್ದೆ ಆಗುತ್ತದೆ. ಒಂದು ಸಾರಿ ಅದನ್ನು ಗಾಜಿನಿಂದ ಉಜ್ಜಿ ತೆಗೆದವರು ಮತ್ತೆ ಮರೆಯೋದಿಲ್ಲ.

ಎಲ್ಲ ನಿಂತಿರೋದು ನೈಟ್ರೋಜನ್‌ನ ಲೋನ್ ಪೇರ್ ಮೇಲೆ, ಅಂದರೆ ಪಕ್ಕದ ಪರಮಾಣುಗಳ ಜೊತೆ ಬಂಧಕ್ಕೆ ಬಳಕೆಯಾಗದ ಎರಡು ಎಲೆಕ್ಟ್ರಾನ್‌ಗಳ ಮೇಲೆ. ಆರೊಮ್ಯಾಟಿಕ್ ಆಗೋಕೆ ಇಲ್ಲಿ ಆರು ಪೈ ಎಲೆಕ್ಟ್ರಾನ್ (ಉಂಗುರದ ಮೇಲೆ ಕೆಳಗೆ ಹರಡಿಕೊಳ್ಳುವ ಎಲೆಕ್ಟ್ರಾನ್) ಬೇಕು. ಪಿರಿಡಿನ್‌ನಲ್ಲಿ ಐದು ಕಾರ್ಬನ್ ತಲಾ ಒಂದು ಕೊಡುತ್ತವೆ, ನೈಟ್ರೋಜನ್ ಕೂಡ ಒಂದು ಕೊಡುತ್ತದೆ. ಲೆಕ್ಕ ಮುಗಿಯಿತು. ನೈಟ್ರೋಜನ್‌ನ ಲೋನ್ ಪೇರ್ ಈ ವ್ಯವಹಾರಕ್ಕೇ ಬರೋದಿಲ್ಲ. ಅದು ಉಂಗುರದ ಸಮತಲದಲ್ಲೇ ಹೊರಗಡೆ ಮುಖ ಮಾಡಿ ಕೂತಿರುತ್ತದೆ, ಆಸಿಡ್‌ನ ಪ್ರೋಟಾನ್ ಬಂದರೆ ಹಿಡಿದುಕೊಳ್ಳುತ್ತದೆ. ಪಿರೋಲ್‌ನಲ್ಲಿ ಇರೋದೇ ನಾಲ್ಕು ಕಾರ್ಬನ್. ನಾಲ್ಕು ಎಲೆಕ್ಟ್ರಾನ್ ಅವುಗಳದ್ದು, ಉಳಿದ ಎರಡನ್ನೂ ನೈಟ್ರೋಜನ್ನೇ ಕೊಡಬೇಕು. ಅಂದರೆ ಅದರ ಲೋನ್ ಪೇರ್ ಆಗಲೇ ಉಂಗುರದ ಪಾಲಾಗಿದೆ. ಪ್ರೋಟಾನ್‌ಗೆ ಕೊಟ್ಟರೆ ಆರೊಮ್ಯಾಟಿಕ್ ಸ್ಥಿರತೆಯೇ ಹೋಗುತ್ತದೆ. ಪ್ರಬಲ ಆಸಿಡ್ ಬಲವಂತ ಮಾಡಿದರೂ ಪ್ರೋಟಾನ್ ಹೋಗಿ ಕೂರೋದು ನೈಟ್ರೋಜನ್ ಮೇಲಲ್ಲ, ಪಕ್ಕದ ಕಾರ್ಬನ್ ಮೇಲೆ. ಅಲ್ಲಿಂದಲೇ ಆ ಮುದ್ದೆ ಶುರು.

ಸಂಖ್ಯೆಯಲ್ಲಿ ನೋಡಿ. ಪಿಕೆಎ ಅಂದರೆ ಪ್ರೋಟಾನ್ ಎಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆ ಅನ್ನೋ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಸುಲಭ. ಪ್ರೋಟಾನ್ ಹಿಡಿದ ಪಿರಿಡಿನ್‌ನ ಪಿಕೆಎ 5.2, ಪಿರೋಲ್‌ನದು ಸುಮಾರು ಮೈನಸ್ 3.8. ವ್ಯತ್ಯಾಸ ಒಂಬತ್ತು. ಇದು ಲಾಗ್ ಲೆಕ್ಕ, ಹಾಗಾಗಿ ಒಂಬತ್ತು ಪಟ್ಟು ಅಂದುಕೊಳ್ಳಬೇಡಿ. ಪ್ರತ್ಯಾಮ್ಲ ಗುಣದಲ್ಲಿ ನೂರು ಕೋಟಿ ಪಟ್ಟು ವ್ಯತ್ಯಾಸ! ಎರಡು ಎಲೆಕ್ಟ್ರಾನ್ ಕೂತ ಜಾಗ ಬೇರೆ ಅನ್ನೋದಕ್ಕೆ ಇಷ್ಟೊಂದು.

ಹೊರಗಡೆ ಮುಖ ಮಾಡಿದ ಆ ಜೋಡಿ ನಮ್ಮ ಅಡುಗೆಮನೆಯಲ್ಲೂ ಕೆಲಸ ಮಾಡಿದೆ. ಮೆಂತ್ಯದಲ್ಲಿ ಟ್ರೈಗೊನೆಲಿನ್ ಅಂತ ಒಂದು ವಸ್ತು ಇದೆ, ಮೆಂತ್ಯದ ಸಸ್ಯಶಾಸ್ತ್ರದ ಹೆಸರಿನಿಂದಲೇ ಅದಕ್ಕೆ ಆ ಹೆಸರು ಬಂದಿದೆ. ರಚನೆ ಬರೆದರೆ ಪಿರಿಡಿನ್ ಉಂಗುರ, ಅದರ ನೈಟ್ರೋಜನ್ ಮೇಲೆ ಒಂದು ಮಿಥೈಲ್ (CH3 ಗುಂಪು). ಲೋನ್ ಪೇರ್ ಇಲ್ಲಿ ಪ್ರೋಟಾನ್ ಬದಲು ಮಿಥೈಲ್ ಅನ್ನು ಹಿಡಿದಿದೆ ಅಷ್ಟೇ. ಹಸಿ ಕಾಫಿ ಬೀಜದಲ್ಲೂ ಇದೇ ಟ್ರೈಗೊನೆಲಿನ್ ಇದೆ. ಚಿಕ್ಕಮಗಳೂರಿನ ಬೀಜ ತಂದು ಹುರಿದಾಗ ಸ್ವಲ್ಪ ಭಾಗದ ಮಿಥೈಲ್ ಕಳಚಿ ನಿಕೋಟಿನಿಕ್ ಆಮ್ಲ ಆಗುತ್ತದೆ, ಅಂದರೆ ವಿಟಮಿನ್ ಬಿ3. ಹುರಿದ ಕಾಫಿಯ ಘಮದಲ್ಲಿ ಪಿರಜಿನ್‌ಗಳದ್ದೂ ದೊಡ್ಡ ಪಾಲಿದೆ. ಆರು ಮೂಲೆಯ ಉಂಗುರದಲ್ಲಿ ಎದುರುಬದುರು ಎರಡು ನೈಟ್ರೋಜನ್ ಇಟ್ಟರೆ ಪಿರಜಿನ್. ಕಡಲೆಕಾಯಿ ಹುರಿಯುವಾಗ ಬರುವ ವಾಸನೆಯಲ್ಲೂ ಇವು ಇವೆ.

ಇನ್ನು ಎಲೆಕ್ಟ್ರೋಫೈಲ್, ಅಂದರೆ ಎಲೆಕ್ಟ್ರಾನ್ ಹುಡುಕಿಕೊಂಡು ಬರುವ ಕಣದ ವಿಷಯ. ಪಿರೋಲ್‌ನಲ್ಲಿ ಐದು ಪರಮಾಣುಗಳಿಗೆ ಆರು ಎಲೆಕ್ಟ್ರಾನ್, ಅಂದರೆ ಕಾರ್ಬನ್‌ಗಳ ಹತ್ತಿರ ಎಲೆಕ್ಟ್ರಾನ್ ಜಾಸ್ತಿ, ಹಾಗಾಗಿ ಸುಲಭವಾಗಿ 2ನೇ ಜಾಗದಲ್ಲಿ (ನೈಟ್ರೋಜನ್ ಅನ್ನು 1 ಅಂತ ಎಣಿಸಿ) ಕ್ರಿಯೆ ನಡೆಯುತ್ತದೆ. ಪಿರಿಡಿನ್‌ನಲ್ಲಿ ನೈಟ್ರೋಜನ್ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ನೈಟ್ರೇಷನ್ ಮಾಡೋಕೆ, ಅಂದರೆ ನೈಟ್ರೋ ಗುಂಪು ಸೇರಿಸೋಕೆ, 300 ಡಿಗ್ರಿ ಸುಮಾರಿಗೆ ಕಾಯಿಸಿದರೂ ಕೈಗೆ ಸಿಗೋದು ಚೂರುಪಾರು, ಅದೂ 3ನೇ ಜಾಗದಲ್ಲಿ.

ಇಮಿಡಜೋಲ್ ಅನ್ನೋ ಐದು ಮೂಲೆಯ ಉಂಗುರ ನನಗೆ ತುಂಬಾ ಇಷ್ಟ. ಅದರಲ್ಲಿ ಎರಡು ನೈಟ್ರೋಜನ್: ಒಂದು ಪಿರಿಡಿನ್ ಥರದ್ದು, ಇನ್ನೊಂದು ಪಿರೋಲ್ ಥರದ್ದು. ಒಂದೇ ಮನೆಯಲ್ಲಿ ಎರಡೂ ಸ್ವಭಾವ! ಪಿಕೆಎ 7ರ ಆಸುಪಾಸು ಇರೋದರಿಂದ ನಮ್ಮ ಮೈಯೊಳಗೆ ಪ್ರೋಟಾನ್ ತೆಗೆದುಕೊಳ್ಳೋದೂ ಕೊಡೋದೂ ಅದಕ್ಕೆ ಸುಲಭ. ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲದಲ್ಲಿ ಇರೋದು ಇದೇ. ಹಿಮೋಗ್ಲೋಬಿನ್ ನೋಡಿ: ನಾಲ್ಕು ಪಿರೋಲ್ ಉಂಗುರಗಳ ನಡುವೆ ಒಂದು ಕಬ್ಬಿಣ, ಅದನ್ನು ಒಂದು ಕಡೆಯಿಂದ ಹಿಡಿದಿರೋದು ಹಿಸ್ಟಿಡಿನ್‌ನ ಇಮಿಡಜೋಲ್, ಇನ್ನೊಂದು ಕಡೆ ಆಕ್ಸಿಜನ್ ಬಂದು ಕೂರುತ್ತದೆ. ನೀವು ಈಗ ತಾನೇ ಎಳೆದುಕೊಂಡ ಉಸಿರು ಹೋಗಿ ಸೇರೋದು ಅಲ್ಲಿಗೇ.

ಸರಿ, ಈ ಉಂಗುರಗಳನ್ನು ಕಟ್ಟೋದು ಹೇಗೆ? ಪಿರೋಲ್ ಬೇಕಾದರೆ ಪಾಲ್–ಕ್ನೋರ್ ವಿಧಾನ ಸುಲಭ. ಮಧ್ಯೆ ಎರಡು ಕಾರ್ಬನ್ ಬಿಟ್ಟು ಆಚೀಚೆ ಎರಡು ಕಾರ್ಬೊನಿಲ್ (C=O) ಇರುವ ಅಣು ತಗೊಳ್ಳಿ, ಅಮೋನಿಯ ಅಥವಾ ಅಮೈನ್ ಸೇರಿಸಿ. ಎರಡು ನೀರು ಹೊರಗೆ ಹೋಗುತ್ತದೆ, ಉಂಗುರ ಮುಚ್ಚಿಕೊಳ್ಳುತ್ತದೆ. ಕೊಲೆಸ್ಟ್ರಾಲ್‌ಗೆ ಕೊಡುವ ಅಟೊರ್ವಾಸ್ಟಾಟಿನ್‌ನ ಪಿರೋಲ್ ಉಂಗುರವನ್ನು ಕಟ್ಟೋದೂ ಹೀಗೆಯೇ.

ಪಿರಿಡಿನ್‌ಗೆ ಹ್ಯಾಂಟ್ಷ್ ವಿಧಾನ, 1881ರದ್ದು. ಇದನ್ನು ನೀವೇ ಕೈಯಾರೆ ಮಾಡಿ ನೋಡಬೇಕು. ಒಂದು ಆಲ್ಡಿಹೈಡ್, ಎರಡು ಈಥೈಲ್ ಅಸಿಟೋಅಸಿಟೇಟ್, ಒಂದು ಅಮೋನಿಯ, ಎಲ್ಲಾ ಒಂದೇ ಫ್ಲಾಸ್ಕ್‌ಗೆ. ಆಲ್ಕೋಹಾಲ್‌ನಲ್ಲಿ ರಿಫ್ಲಕ್ಸ್ ಮಾಡಿ (ಆವಿ ತಣಿದು ಮತ್ತೆ ಫ್ಲಾಸ್ಕ್‌ಗೇ ಇಳಿಯುವ ಹಾಗೆ ಕುದಿಸಿ), ತಣ್ಣಗಾಗೋಕೆ ಬಿಟ್ಟು, ಗಾಜಿನ ಕಡ್ಡಿಯಿಂದ ಫ್ಲಾಸ್ಕ್ ಗೋಡೆಯನ್ನು ಮೆತ್ತಗೆ ಗೀರಿದರೆ ತೆಳು ಹಳದಿ ಹರಳು ಇಳಿಯೋಕೆ ಶುರುವಾಗುತ್ತದೆ. ಮೂಲೆಗಳನ್ನು ಎಣಿಸಿ: ಆಲ್ಡಿಹೈಡ್‌ನಿಂದ ಒಂದು, ಎಸ್ಟರ್‌ಗಳಿಂದ ಎರಡೆರಡು, ಅಮೋನಿಯದಿಂದ ನೈಟ್ರೋಜನ್. ಆರು.

ಆದರೆ ಇದು ಇನ್ನೂ ಪಿರಿಡಿನ್ ಅಲ್ಲ, ಡೈಹೈಡ್ರೋಪಿರಿಡಿನ್. ಎರಡು ಹೈಡ್ರೋಜನ್ ಜಾಸ್ತಿ ಇವೆ. ಅವನ್ನು ತೆಗೆದರೆ ಆರೊಮ್ಯಾಟಿಕ್ ಆಗುತ್ತದೆ, ಅದಕ್ಕೆ ಅದು ಸದಾ ಕಾಯುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಬಿಪಿ ಇರೋರು ಅಮ್ಲೋಡಿಪಿನ್ ತಗೊಳ್ಳಬಹುದು. ಅದೂ ಡೈಹೈಡ್ರೋಪಿರಿಡಿನ್ನೇ. ಲಿವರ್ ಅದನ್ನು ಪಿರಿಡಿನ್ ಮಾಡಿಬಿಡುತ್ತದೆ, ಅಲ್ಲಿಗೆ ಔಷಧದ ಗುಣ ಮುಗಿಯಿತು. ಅದೇ ಗುಂಪಿನ ನಿಫೆಡಿಪಿನ್‌ಗಂತೂ ಬರೀ ಬೆಳಕು ಸಾಕು. ಅದಕ್ಕೇ ಅದನ್ನು ಬೆಳಕು ತಾಗದ ಹಾಗೆ ಪ್ಯಾಕ್ ಮಾಡಿರುತ್ತಾರೆ.

ಮುಂದಿನ ವಾರ ನಿಮ್ಮ ಪ್ರಾಕ್ಟಿಕಲ್‌ನಲ್ಲಿ ಸ್ಕ್ರೌಪ್ ವಿಧಾನದ ಕ್ವಿನೋಲಿನ್ (ಬೆಂಜೀನ್ ಉಂಗುರಕ್ಕೆ ಅಂಟಿಕೊಂಡ ಪಿರಿಡಿನ್) ಇದೆ ಅಂತ ಕೇಳಿದೆ. ಅನಿಲಿನ್, ಗ್ಲಿಸರಾಲ್, ಸಲ್ಫ್ಯೂರಿಕ್ ಆಸಿಡ್, ನೈಟ್ರೋಬೆಂಜೀನ್. ಗ್ಲಿಸರಾಲ್ ನೀರು ಕಳೆದುಕೊಂಡು ಅಕ್ರೋಲಿನ್ ಆಗುತ್ತದೆ, ಅನಿಲಿನ್ ಅದಕ್ಕೆ ಸೇರುತ್ತದೆ, ಉಂಗುರ ಮುಚ್ಚುತ್ತದೆ. ಕೊನೆಗೆ ನೈಟ್ರೋಬೆಂಜೀನ್ ಆ ಜಾಸ್ತಿ ಹೈಡ್ರೋಜನ್‌ಗಳನ್ನು ತೆಗೆಯುತ್ತದೆ. ಆದರೆ ಈ ಕ್ರಿಯೆ ಒಮ್ಮೆ ಶುರುವಾದರೆ ಹಿಡಿತಕ್ಕೆ ಸಿಗೋದಿಲ್ಲ. ನಾನು ಎಂಎಸ್ಸಿ ಓದುವಾಗ ಪಕ್ಕದ ಬೆಂಚಿನ ಗೆಳೆಯ ಕ್ರಿಯೆಯ ವೇಗ ತಗ್ಗಿಸುವ ಫೆರಸ್ ಸಲ್ಫೇಟ್ ಹಾಕೋದು ಮರೆತಿದ್ದ. ಫ್ಲಾಸ್ಕ್‌ನಲ್ಲಿದ್ದದ್ದೆಲ್ಲಾ ಕಂಡೆನ್ಸರ್ ಮೂಲಕ ಚಿಮ್ಮಿ ಸೀಲಿಂಗ್‌ಗೆ ಬಡಿಯಿತು. ಅವನು ನೀರು ತರೋಕೆ ಆಚೆ ಹೋಗಿದ್ದರಿಂದ ಮುಖ ಉಳಿಯಿತು. ಹಾಗಾಗಿ ಫೆರಸ್ ಸಲ್ಫೇಟ್ ತೂಕ ಮಾಡಿ ಮೊದಲೇ ಬೆಂಚಿನ ಮೇಲೆ ಇಟ್ಟುಕೊಳ್ಳಿ. ಕುದಿ ಶುರುವಾದ ತಕ್ಷಣ ಬರ್ನರ್ ತೆಗೆಯಿರಿ. ಕನ್ನಡಕ ಹಾಕದವರು ಫ್ಲಾಸ್ಕ್ ಮುಟ್ಟಬೇಡಿ.