ಹಂಡೆಯ ಬಿಳಿ ಪದರ, ಹಲ್ಲಿನ ಕಂದು ಕಲೆ

ಬಾಗೇಪಲ್ಲಿಯ ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳೇ,

ನಮ್ಮ ಬೋರ್‌ವೆಲ್ ನೀರಿನ ಮೇಲೆ ಎಲ್ಲರದೂ ಒಂದೇ ದೂರು. ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ, ಹಂಡೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಆ ಪದರದ ವಿಷಯ ಮೊದಲು ಮುಗಿಸೋಣ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಒಡೆಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂರುತ್ತದೆ. ಸುಣ್ಣದಕಲ್ಲೂ ಅದೇ ವಸ್ತು. ಹುಣಸೆಹುಳಿ ಹಾಕಿ ಉಜ್ಜಿದರೆ ಬಿಡುತ್ತದೆ, ಹೆದರಬೇಡಿ.

ನನಗೆ ಭಯ ಇರುವುದು ಮಕ್ಕಳ ಹಲ್ಲಿಗೆ ಕಂದು ಕಲೆ ತರುವ ಫ್ಲೋರೈಡ್ ಬಗ್ಗೆ. ಅದು ಬರುವುದು ನಮ್ಮ ಬಂಡೆಯಿಂದಲೇ. ಗ್ರಾನೈಟ್ ಚೂರನ್ನು ಬಿಸಿಲಿಗೆ ಹಿಡಿದರೆ ಕರಿ ಚಕ್ಕೆಗಳು ಮಿಂಚುತ್ತವೆ ಅಲ್ವಾ? ಅದು ಬಯೋಟೈಟ್, ಕಪ್ಪು ಕಾಗೆಬಂಗಾರ. ಅದರ ಹರಳಿನಲ್ಲಿ ಹೈಡ್ರಾಕ್ಸೈಡ್ (ಆಮ್ಲಜನಕ, ಜಲಜನಕ ಒಂದೊಂದು ಸೇರಿದ ಕಣ) ಕೂರುವ ಜಾಗಗಳಿವೆ. ಫ್ಲೋರೈಡಿಗೂ ಹೈಡ್ರಾಕ್ಸೈಡಿಗೂ ಗಾತ್ರ ಹೆಚ್ಚುಕಮ್ಮಿ ಒಂದೇ, ಋಣ ವಿದ್ಯುದಂಶವೂ ಒಂದೊಂದೇ. ಬಸ್ಸಿನಲ್ಲಿ ಸೀಟು ಬದಲಾಯಿಸಿದ ಹಾಗೆ ಒಂದರ ಜಾಗದಲ್ಲಿ ಇನ್ನೊಂದು ಕೂತುಬಿಡುತ್ತದೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಕ್ಷಾರದ ನೀರಿನಲ್ಲಿ ಹೈಡ್ರಾಕ್ಸೈಡ್ ಜಾಸ್ತಿ. ಅದು ಹರಳಿಗೆ ಸೇರುತ್ತದೆ, ಫ್ಲೋರೈಡ್ ನೀರಿಗೆ ಬರುತ್ತದೆ.

ಇಲ್ಲಿ ನಾವು ಬೈಯುವ ಕ್ಯಾಲ್ಸಿಯಂ ನಮಗೇ ನೆರವಾಗುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್ ತೀರಾ ಕಮ್ಮಿ ಕರಗುವ ಉಪ್ಪು. ನೀರಿನಲ್ಲಿ ಕ್ಯಾಲ್ಸಿಯಂ ತುಂಬಿದ್ದರೆ ಫ್ಲೋರೈಡ್ ಒಂದು ಮಟ್ಟ ದಾಟಲಾರದು. ಆಳದಲ್ಲಿ ಬಹುಕಾಲ ನಿಂತ ನೀರಿನ ಕ್ಯಾಲ್ಸಿಯಂ ಜೇಡಿಗೆ ಅಂಟಿಕೊಳ್ಳುತ್ತದೆ, ಬದಲಿಗೆ ಸೋಡಿಯಂ ಬಿಡುಗಡೆಯಾಗುತ್ತದೆ. ಆ ನೀರು ಮೃದು. ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. "ಸಾವಿರ ಅಡಿ ಹೋದ್ಮೇಲೆ ಒಳ್ಳೆ ನೀರು ಸಿಕ್ತು" ಅಂತ ಖುಷಿಪಡುತ್ತೇವೆ. ಫ್ಲೋರೈಡ್ ಜಾಸ್ತಿ ಇರುವ ಸಂಭವ ಆ ನೀರಿನಲ್ಲೇ ಹೆಚ್ಚು. ರುಚಿಯಲ್ಲಾಗಲಿ ಬಣ್ಣದಲ್ಲಾಗಲಿ ಗೊತ್ತಾಗುವುದಿಲ್ಲ.

ಹಲ್ಲಿನ ಮೇಲಿನ ಗಟ್ಟಿ ಪದರವಾದ ಎನಾಮಲ್ ಕೂಡ ಹೈಡ್ರಾಕ್ಸೈಡ್ ಇರುವ ಹರಳೇ, ಕ್ಯಾಲ್ಸಿಯಂ ಫಾಸ್ಫೇಟಿನದು. ಅಲ್ಲೂ ಇದೇ ಅದಲುಬದಲು. ಒಂಚೂರು ಫ್ಲೋರೈಡ್ ಸೇರಿದರೆ ಹಲ್ಲು ಆಮ್ಲಕ್ಕೆ ಬೇಗ ಸವೆಯುವುದಿಲ್ಲ, ಟೂತ್‌ಪೇಸ್ಟಿಗೆ ಹಾಕುವುದು ಅದಕ್ಕೇ. ಆದರೆ ಹಲ್ಲು ಒಳಗೊಳಗೇ ಬೆಳೆಯುವ ಸುಮಾರು 8 ವರ್ಷದೊಳಗಿನ ವಯಸ್ಸಿನಲ್ಲಿ ಹೊಟ್ಟೆಗೆ ಜಾಸ್ತಿ ಹೋದರೆ ಎನಾಮಲ್ ಸರಿಯಾಗಿ ಬಲಿಯುವುದಿಲ್ಲ. ಮೊದಲು ಬಿಳಿ ಮಚ್ಚೆ, ಆಮೇಲೆ ಕಂದು ಕಲೆ. ಉಜ್ಜಿದರೆ ಹೋಗುವ ಕಲೆಯಲ್ಲ ಅದು. ದಯವಿಟ್ಟು ಆ ಮಕ್ಕಳನ್ನು ಹಲ್ಲುಜ್ಜಲ್ಲ ಅಂತ ಬೈಯಬೇಡಿ.

ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಒ ಫಿಲ್ಟರ್ ಬಹುಪಾಲು ತೆಗೆಯುತ್ತದೆ. ಮಳೆನೀರು ಬಂಡೆ ಮುಟ್ಟಿಲ್ಲ, ಹಾಗಾಗಿ ಅದರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಚಾವಣಿ ನೀರು ಹಿಡಿದು ಸೋಸಿ, ಬೋರ್ ನೀರಿಗೆ ಬೆರೆಸಿದರೂ ಪ್ರಮಾಣ ಇಳಿಯುತ್ತದೆ. ಬೋರು ಇನ್ನಷ್ಟು ಆಳ ಮಾಡಿಸಿದವರು ಹಳೇ ವರದಿ ನಂಬಿ ಕೂರಬೇಡಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕೊಡಿ. ವರದಿ ಬಂದಾಗ ಗಡಸುತನ (ಕ್ಯಾಲ್ಸಿಯಂನಂಥವು ಎಷ್ಟಿವೆ ಅನ್ನುವ ಲೆಕ್ಕ), ಫ್ಲೋರೈಡ್ ಎರಡನ್ನೂ ಪಕ್ಕಪಕ್ಕ ಓದಿ.