ಬಾಟಲಿಗೆ ಇಳಿಯದ ಮೆಕ್ಸಿಕೊ

ಎಲ್ಲರಿಗೂ ನಮಸ್ಕಾರ. ಮೆಕ್ಸಿಕೊಗೆ ಹೊರಟಿರುವವರು ಈ ಸಭೆಯಲ್ಲಿ ಕೆಲವರಿದ್ದೀರಿ. ಅಲ್ಲಿ ಏನು ಕುಡಿಯಬೇಕು ಅನ್ನುವುದೇ ಇವತ್ತಿನ ಮಾತು. ಟಕೀಲಾ ವಿಷಯ ನಾನು ಹೆಚ್ಚು ಎತ್ತುವುದಿಲ್ಲ. ಆ ಹೆಸರಿಗೆ 1974ರಿಂದ ಕಾನೂನಿನ ರಕ್ಷಣೆ ಇದೆ, ಜಗತ್ತಿಗೆಲ್ಲ ರಫ್ತಾಗುತ್ತದೆ, ಬೆಂಗಳೂರಿನಲ್ಲೂ ಸಿಗುತ್ತದೆ. ಆದರೆ ಮೆಕ್ಸಿಕೊದ ಜನ ತಲೆತಲಾಂತರದಿಂದ ಕುಡಿದುಕೊಂಡು ಬಂದ ಪಾನೀಯಗಳಲ್ಲಿ ಎಷ್ಟೋ ಬಾಟಲಿಯಲ್ಲಿ ಉಳಿಯುವಂಥವೇ ಅಲ್ಲ. ಬೆಳಿಗ್ಗೆಯ ರುಚಿ ಸಂಜೆಗೆ ಇರುವುದಿಲ್ಲ. ಅಷ್ಟು ದೂರ ಹೋಗಿ ಅವನ್ನು ಬಿಟ್ಟು ಬರಬೇಡಿ ಅಂತ ಕೇಳಿಕೊಳ್ಳಲು ನಿಂತಿದ್ದೇನೆ.

ಮೊದಲು ಪುಲ್ಕೆ, ಕತ್ತಾಳೆ ರಸದ ಕಳ್ಳು. ನಮ್ಮ ಹೊಲದ ಬದುಗಳಲ್ಲಿ ಬೇಲಿಯಾಗಿ ನಿಂತಿರುವ ಕತ್ತಾಳೆಯ ತವರು ಮೆಕ್ಸಿಕೊ. ನಾವು ಅದರ ನಾರು ತೆಗೆದು ಹಗ್ಗ ಹೊಸೆದೆವು. ಅಲ್ಲಿಯವರು ಅದರ ಬೃಹತ್ ಜಾತಿಗಳನ್ನು, ಮಗೇ ಅನ್ನುತ್ತಾರೆ, ರಸಕ್ಕಾಗಿ ಬೆಳೆಸಿದರು. ಗಿಡ ಬಲಿಯಲು ಹತ್ತು ಹನ್ನೆರಡು ವರ್ಷ ಬೇಕು. ನಡುವಿನಿಂದ ಹೂವಿನ ಕಂಬ ಏಳುವ ಹೊತ್ತನ್ನು ನೋಡಿಕೊಂಡು, ಅದು ಏಳುವ ಮೊದಲೇ ಗಿಡದ ಎದೆಯನ್ನು ಕೆತ್ತಿ ಗುಳಿ ಮಾಡುತ್ತಾರೆ. ಹೂವಿಗೆ ಅಂತ ಗಿಡ ಕೂಡಿಟ್ಟ ಸಿಹಿಯೆಲ್ಲ ಆ ಗುಳಿಯಲ್ಲಿ ಒಸರುತ್ತದೆ. ಅದು ಅಗ್ವಾಮಿಯೆಲ್. ಅದನ್ನು ತೆಗೆಯುವವನು ತ್ಲಾಚಿಕೇರೊ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಾನೆ. ಅವನ ಕೈಯಲ್ಲಿ ಅಕೊಕೋತೆ ಅನ್ನುವ ಉದ್ದನೆಯ ಒಣ ಸೋರೆ ಬುರುಡೆ. ಅದರ ಒಂದು ತುದಿಯನ್ನು ಗುಳಿಗಿಳಿಸಿ, ಇನ್ನೊಂದು ತುದಿಗೆ ಬಾಯಿಟ್ಟು ಉಸಿರು ಎಳೆದರೆ ರಸ ಬುರುಡೆಗೆ ಏರುತ್ತದೆ. ತೂತಿಗೆ ಬೆರಳೊತ್ತಿ ಹಿಡಿದು ಕ್ಯಾನಿಗೆ ಬಗ್ಗಿಸುತ್ತಾನೆ. ಆಮೇಲೆ ಗುಳಿಯ ಗೋಡೆಯನ್ನು ಲೋಹದ ಹೆರೆಗತ್ತಿಯಿಂದ ತೆಳ್ಳಗೆ ಹೆರೆದು ಬಿಡುತ್ತಾನೆ. ಹೆರೆಯದಿದ್ದರೆ ಗಾಯ ಮಾಗಿ ರಸ ನಿಂತುಹೋಗುತ್ತದೆ. ಹೀಗೆ ಕೆಲವು ತಿಂಗಳು ಕೊಟ್ಟು ಗಿಡ ಸಾಯುತ್ತದೆ. ಹತ್ತು ವರ್ಷ ಸಾಕಿದ್ದರ ಫಲ ಅಷ್ಟೇ. ಒಂದು ಲೋಟ ಪುಲ್ಕೆಗೆ ಅವರು ಎಷ್ಟು ಕಡಿಮೆ ಬೆಲೆ ಕೇಳುತ್ತಾರೆ ಅಂತ ನೋಡಿದರೆ ನನಗೆ ಸಂಕಟವಾಗುತ್ತದೆ.

ಅಗ್ವಾಮಿಯೆಲ್‌ಗೆ ಹಳೆಯ ಪುಲ್ಕೆಯ ಹೆಪ್ಪು ಹಾಕಿದರೆ ಬೇಗನೆ ಹುಳಿ ಬರುತ್ತದೆ. ಅಮಲು ಬಿಯರಿನಷ್ಟು. ಬಣ್ಣ ಬೆಳ್ಳಗೆ, ಮೆಂತ್ಯ ನೆನೆಸಿದ ನೀರಿನ ಹಾಗೆ ಲೋಳೆ. ಮೊದಲ ಗುಟುಕಿಗೆ ಎಷ್ಟೋ ಜನ ಮುಖ ಕಿವುಚುತ್ತಾರೆ, ದಯವಿಟ್ಟು ಎರಡನೆಯದಕ್ಕೆ ಕಾಯಿರಿ. ಸೀಬೆ, ಓಟ್ಸ್ ಹಾಕಿ ರುಬ್ಬಿದ ಬಗೆಗೆ ಕುರಾದೊ ಅನ್ನುತ್ತಾರೆ. ಹೊಸಬರು ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಆದರೆ ಹಾಗೇ ಬಿಟ್ಟರೆ ಹುದುಗುವುದು ನಿಲ್ಲುವುದಿಲ್ಲ, ಕೆಲವೇ ದಿನಗಳಲ್ಲಿ ಕೆಡುತ್ತದೆ. 1873ರಲ್ಲಿ ಮೆಕ್ಸಿಕೊ ನಗರದಿಂದ ವೆರಾಕ್ರೂಸ್‌ಗೆ ರೈಲು ಹಳಿ ಪೂರ್ತಿಯಾದದ್ದು ಪುಲ್ಕೆಯ ಪಾಲಿಗೆ ದೊಡ್ಡ ಘಟನೆ. ಆ ಹಳಿ ಆಪಾನ್ ಬಯಲಿನ ಮೂಲಕ ಹಾದುಹೋಗುತ್ತಿತ್ತು, ಅಲ್ಲಿಯ ಪುಲ್ಕೆ ಕೆಡುವ ಮೊದಲೇ ರಾಜಧಾನಿ ಮುಟ್ಟತೊಡಗಿತು, ಜಮೀನ್ದಾರರು ಕುಬೇರರಾದರು. ಇಪ್ಪತ್ತನೆಯ ಶತಮಾನದಲ್ಲಿ ಬಿಯರಿನ ಪೈಪೋಟಿ ಜೋರಾಯಿತು. ಪುಲ್ಕೆಯನ್ನು ಸಗಣಿ ಹಾಕಿ ಹುದುಗಿಸುತ್ತಾರೆ ಅನ್ನುವ ಸುದ್ದಿಯೂ ಹಬ್ಬಿತು. ಬಡವರ ಕುಡಿತ ಅಂತ ಮೂಗು ಮುರಿಯುವುದಕ್ಕೆ ಅಷ್ಟು ಸಾಕಾಯಿತು. ಪುಲ್ಕೆರಿಯ ಅನ್ನುವ ಪುಲ್ಕೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಯುವಕ ಯುವತಿಯರು ಮತ್ತೆ ಬರುತ್ತಿದ್ದಾರೆ. ಮೆಕ್ಸಿಕೊ ನಗರದ ಹಳೆಯ ಭಾಗದಲ್ಲಿ ಲಾಸ್ ದುಯೆಲಿಸ್ತಾಸ್ ಅನ್ನುವ ಪುಲ್ಕೆರಿಯ ಇದೆ, ಗೋಡೆ ತುಂಬ ಚಿತ್ರ, ಕಾಲಿಡಲು ಜಾಗವಿಲ್ಲದಷ್ಟು ಜನ. ಹೋಗಿ.

ಮದ್ಯ ಮುಟ್ಟದವರಿಗೆ ನನ್ನ ಮೊದಲ ಸಲಹೆ ವಾಹಾಕ ರಾಜ್ಯದ ತೆಹಾತೆ. ಒಂದೇ ಒಂದು ಪಾನೀಯಕ್ಕಾಗಿ ಮೆಕ್ಸಿಕೊಗೆ ಹೋಗಿ ಅಂದರೆ ನಾನು ಇದನ್ನೇ ಹೆಸರಿಸುತ್ತೇನೆ. ಬೂದಿ ಹಾಕಿ ಬೇಯಿಸಿದ ಜೋಳ, ಅಂದರೆ ನಮ್ಮ ಮುಸುಕಿನ ಜೋಳ. ಹುರಿದ ಕೋಕೊ ಬೀಜ. ಮಮೇ ಹಣ್ಣಿನ ಬೀಜದ ತಿರುಳು. ಕೋಕೊ ಹೂವು ಅಂತ ಕರೆಸಿಕೊಂಡರೂ ಬೇರೊಂದು ಮರದ್ದಾದ ಒಣ ಹೂವು. ಇಷ್ಟನ್ನೂ ನುಣ್ಣಗೆ ಅರೆದು ದೊಡ್ಡ ಮಣ್ಣಿನ ಬೋಗುಣಿಯಲ್ಲಿ ಹಾಕಿಕೊಂಡು, ಹೆಂಗಸರು ಮೊಣಕೈವರೆಗೂ ಕೈಯಿಳಿಸಿ ನಾದುತ್ತಾರೆ. ನೀರು ಸ್ವಲ್ಪ ಸ್ವಲ್ಪವೇ ಬೀಳಬೇಕು, ಕೊನೆಯಲ್ಲಿ ಎತ್ತರದಿಂದ ಬೀಳಬೇಕು. ಆಗ ಕೋಕೊ ಮತ್ತು ಮಮೇ ಬೀಜದ ಜಿಡ್ಡು ಮೇಲೆದ್ದು ಬಿಳಿಯ ದಪ್ಪ ನೊರೆಯಾಗಿ ನಿಲ್ಲುತ್ತದೆ. ಬಣ್ಣ ಬಳಿದ ಬುರುಡೆ ಬಟ್ಟಲಲ್ಲಿ, ಆ ನೊರೆಯೂ ಬರುವ ಹಾಗೆ ಮೊಗೆದು, ಸಕ್ಕರೆ ಪಾಕ ಬೆರೆಸಿ ಕೊಡುತ್ತಾರೆ. ತಣ್ಣಗೆ, ಮಣ್ಣಿನ ಘಮ, ಹೂವಿನ ಘಮ, ಹೊಟ್ಟೆಗೂ ಆಧಾರ. ಹೊಲದ ಕೆಲಸದವರ ಪಾನೀಯ ಇದು. ವಾಹಾಕ ನಗರದ ಪಕ್ಕದ ಸಾನ್ ಆಂದ್ರೆಸ್ ವಯಾಪಾಮ್ ಊರು ಇದಕ್ಕೆ ಹೆಸರುವಾಸಿ. ತ್ಲಾಕೊಲೂಲದ ಭಾನುವಾರದ ಸಂತೆಯಲ್ಲೂ ಸಿಗುತ್ತದೆ. ಪುತ್ತೂರಿನ ಕಡೆಯವರು ಇಲ್ಲಿದ್ದರೆ ಅವರಿಗೆ ಒಂದು ಮಾತು: ನಿಮ್ಮ ಅಡಿಕೆ ತೋಟದೊಳಗಿನ ಕೋಕೊ ಚಾಕೊಲೇಟ್ ಆಗುವ ಮೊದಲು ಸಾವಿರಾರು ವರ್ಷ ಆ ನೆಲದಲ್ಲಿ ಕುಡಿಯುವ ವಸ್ತುವಾಗಿತ್ತು. ಅಲ್ಲಿ ಅದು ಇನ್ನೂ ಹಾಗೇ ಉಳಿದಿದೆ.

ಇನ್ನು ಪಶ್ಚಿಮ ಕರಾವಳಿಯ ಕೊಲೀಮ. ಅಲ್ಲಿ ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ಮಾರುತ್ತಾರೆ, ಹೆಸರು ತುಬಾ. ಅಮೆರಿಕ ಖಂಡದಲ್ಲಿ ನೀರಾ ಹೇಗೆ ಬಂತು ಅಂದರೆ ಮನಿಲಾ ಹಡಗುಗಳಲ್ಲಿ. 1565ರಿಂದ 1815ರವರೆಗೆ ಫಿಲಿಪೀನ್ಸ್‌ನ ಮನಿಲಾದಿಂದ ಅಕಾಪುಲ್ಕೊಗೆ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಆ ಹಡಗುಗಳಲ್ಲಿ ಬಂದ ಫಿಲಿಪಿನೊ ಜನ ಈ ಕರಾವಳಿಯಲ್ಲಿ ನೆಲೆಸಿ ತೆಂಗಿನ ಮರ ಹತ್ತುವುದನ್ನು ಕಲಿಸಿದರು. ನಾಲ್ಕು ಶತಮಾನದ ಮೇಲೂ ತುಬಾ ಮಾರುವವನು ಸೋರೆ ಬುರುಡೆ ಹೊತ್ತು ಚೌಕಗಳಲ್ಲಿ ತಿರುಗುತ್ತಾನೆ, ಲೋಟದ ಮೇಲೆ ಕಡಲೆಕಾಯಿ ಬೀಜ ಉದುರಿಸಿ ಕೊಡುತ್ತಾನೆ. ಆ ಕಡಲೆಕಾಯಿ ನಮ್ಮ ಕರಾವಳಿಯಲ್ಲಿ ಯಾರಿಗೂ ಹೊಳೆಯಲಿಲ್ಲವಲ್ಲ!

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಅನಾನಸ್ ಸಿಪ್ಪೆಯನ್ನು ಬೆಲ್ಲದ ಜೊತೆ ಹುದುಗಿಸಿದ ತೆಪಾಚೆ ಬೀದಿ ಬೀದಿಯಲ್ಲಿ ಇದೆ. ಬೆಳಗಿನ ಚಳಿಗೆ ಜೋಳದ ಬಿಸಿ ಗಂಜಿ ಆತೋಲೆ, ಅದಕ್ಕೆ ಚಾಕೊಲೇಟ್ ಹಾಕಿದರೆ ಚಂಪುರ್ರಾದೊ, ಜೊತೆಗೆ ಜೋಳದ ಹಿಟ್ಟಿನ ಕಡುಬು ತಮಾಲೆ. ಊಟದ ಹೊತ್ತಿಗೆ ದೊಡ್ಡ ಗಾಜಿನ ಜಾಡಿಗಳಲ್ಲಿ ಪಾನಕಗಳು: ಪುಂಡಿ ಗಿಡದ ಬಳಗದ ಕೆಂಪು ಹೂವಿನದು ಹಮಾಯ್ಕ, ಅಕ್ಕಿ ಮತ್ತು ಚಕ್ಕೆಯದು ಒರ್ಚಾತ, ಹುಣಸೆಯದೂ ಉಂಟು. ನಿಂಬೆ ಪಾನಕದಲ್ಲಿ ಚಿಯಾ ನೆನೆಸಿದ್ದು ಸಿಕ್ಕರೆ ಬಿಡಬೇಡಿ. ಹೆಗ್ಗಡದೇವನಕೋಟೆಯ ಕಡೆ ರೈತರು ಈಗ ಬೆಳೆಯುವ ಚಿಯಾದ ಮೂಲ ನೆಲ ಅದು.

ಹೊಟ್ಟೆಯ ವಿಷಯ. ಅಲ್ಲಿಯವರೂ ನಲ್ಲಿ ನೀರನ್ನು ಹಾಗೇ ಕುಡಿಯುವುದಿಲ್ಲ, ದೊಡ್ಡ ಕ್ಯಾನಿನ ಶುದ್ಧ ನೀರನ್ನೇ ಬಳಸುತ್ತಾರೆ. ಆ ಕ್ಯಾನಿಗೆ ಗರ್ರಾಫೋನ್ ಅನ್ನುತ್ತಾರೆ. 'ಆಗ್ವಾ ದೆ ಗರ್ರಾಫೋನ್?' ಅಂತ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತುಬಾವನ್ನು ಬಿಸಿಲೇರುವ ಮೊದಲೇ ಕುಡಿಯಿರಿ, ಆಮೇಲೆ ಅದು ಕಳ್ಳಾಗುತ್ತದೆ. ತೆಹಾತೆಗೆ ಮಧ್ಯಾಹ್ನದೊಳಗೆ ಸಂತೆ ಸೇರಿ, ನೊರೆ ಮೊದಲು ಖಾಲಿಯಾಗುತ್ತದೆ. ಪುಲ್ಕೆ ಯಾವತ್ತು ಬಂದದ್ದು ಅಂತ ವಿಚಾರಿಸಿಯೇ ಲೋಟ ಹಿಡಿಯಿರಿ.